ಏಳನೇ ಬಾಟಲಿ

ಸೂಪರ್‌ವೈಸರು ಕಾಗದವನ್ನು ನನ್ನ ಮುಂದಿಟ್ಟ. ಅದರ ಮೇಲೆ ಪೆನ್ನು ಇಟ್ಟ. ಪೆನ್ನು ಉರುಳಿ ಹೋಗದ ಹಾಗೆ ಒಂದು ಬೆರಳಿಂದ ಒತ್ತಿ ಹಿಡಿದುಕೊಂಡ.

"ಇಲ್ಲಿ ಹಾಕಿ ದೊಡ್ಡಮ್ಮ. ಸಾಕ್ಷಿ ಅಂತ ಇದೆಯಲ್ಲ, ಅದರ ಕೆಳಗೆ."

"ಓದಿ ಹೇಳಪ್ಪ."

"ಏನಿಲ್ಲ, ಮಾಮೂಲು."

"ಆ ಮಾಮೂಲನ್ನೇ ಓದು."

ಓದಿದ. ನನ್ನ ತಂಗಿಯ ಮಗಳು ನಾಲ್ಕು ತಿಂಗಳಿಂದ ಈ ಕಟ್ಟಡದಲ್ಲಿ ಗುಡಿಸಿ ಒರೆಸುವ ಕೆಲಸಕ್ಕಿದ್ದಾಳೆ. ಕೆಲಸಕ್ಕೆ ಸೇರುವ ಮೊದಲೇ ಅವಳ ಕೈಗೆ ಚರ್ಮರೋಗ ಇತ್ತು. ಅದನ್ನು ಅವಳು ಮುಚ್ಚಿಟ್ಟಿದ್ದಳು. ಈ ಕಾರಣಕ್ಕೆ ಅವಳನ್ನು ಬಿಡಿಸಲಾಗಿದೆ. ಇದೆಲ್ಲ ನಿಜವೆಂದು ಅವಳ ದೊಡ್ಡಮ್ಮನಾದ ನಾನು ಬಲ್ಲೆ.

"ನಾನು ಬಲ್ಲೆ ಅಂತ ನಿನಗೆ ಯಾರು ಹೇಳಿದ್ದು?"

"ಮನೆಯವರೇ ಹೇಳಿದ್ರೆ ಮಾತಿಗೆ ತೂಕ ಅಂತ ಕಟ್ಟಡದ ಸಂಘದ ಅಧ್ಯಕ್ಷರು ಬರೆಸಿದ್ದು. ಭಾನುವಾರ ಸಭೆಯಲ್ಲಿ ಇಡಬೇಕಂತೆ."

"ಭಾನುವಾರಕ್ಕೆ ಇನ್ನೂ ಐದು ದಿನ ಇದೆ. ಅಲ್ಲಿವರೆಗೆ ಪೆನ್ನು ನಿನ್ನ ಜೇಬಲ್ಲೇ ಇರಲಿ."

"ಹಾಕದಿದ್ರೆ ನಿಮ್ಮ ಕೆಲಸದ ಮಾತೂ ಎದ್ದೀತು. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

"ಬೇಜಾರಿಲ್ಲ. ಅವರು ಹೇಳಿ ಕಳಿಸಿದ್ದನ್ನ ನೀನು ನನಗೆ ಹೇಳಿದೆ. ನಾನು ಹೇಳಿ ಕಳಿಸೋದನ್ನ ಅವರಿಗೆ ಹೇಳು. ಹಾಕಲ್ಲ ಅಂದ್ಲು ಅನ್ನು."

ಕಾಗದದ ವಿಷಯದಲ್ಲಿ ನಾನು ಒಮ್ಮೆ ತಪ್ಪಿದವಳು. ನನಗೆ ಇಪ್ಪತ್ತೈದು ಇದ್ದಿರಬಹುದು, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆಯಲ್ಲಿದ್ದೆ. ಅಲ್ಲಿ ಉಗಿಯಿಂದ ಇಸ್ತ್ರಿ ಮಾಡುವ ಯಂತ್ರವೊಂದಿತ್ತು. ಅದರ ಮುಚ್ಚಳದ ಸ್ಪ್ರಿಂಗ್ ಸತ್ತು ತಿಂಗಳಾಗಿತ್ತು, ನಮಗೆಲ್ಲ ಗೊತ್ತಿತ್ತು. ಒಂದು ದಿನ ಆ ಮುಚ್ಚಳ ನನ್ನ ಪಕ್ಕದವಳ ಅಂಗೈ ಮೇಲೆ ಬಿತ್ತು. ಮಾರನೇ ದಿನ ಒಂದು ಕಾಗದ ಬಂತು. ಅವಳದೇ ಅಜಾಗರೂಕತೆ ಅಂತ ಅದರಲ್ಲಿತ್ತಂತೆ. ನಮಗೆ ಓದಲು ಬಾರದು. ಒಬ್ಬೊಬ್ಬರ ಹೆಬ್ಬೆಟ್ಟು ಹಿಡಿದು ಮಸಿಗೆ ಅದ್ದಿ ಒತ್ತಿಸಿಕೊಂಡರು. ನನ್ನದನ್ನೂ. ಅವಳು ಊಟದ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹಿಂದಿನ ಗೇಟಿನಿಂದ ಹೋದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಆ ವರ್ಷವೇ ನನ್ನ ಹೆಸರು ಬರೆಯುವುದನ್ನು ಕಲಿತೆ. ಬೇರೇನೂ ಕಲಿಯಲಿಲ್ಲ, ಹೆಸರಿನ ಮೂರಕ್ಷರ ಅಷ್ಟೇ. ಹೆಬ್ಬೆಟ್ಟನ್ನು ಇನ್ನೊಬ್ಬರು ಹಿಡಿದು ಒತ್ತಿಸಬಹುದು. ಹೆಸರು ಬರೆಯಬೇಕಾದರೆ ನಾನೇ ಬರೆಯಬೇಕು.

ತಂಗಿಯ ಮಗಳನ್ನು ನಾವು ಗುಬ್ಬಿ ಅಂತ ಕರೆಯುವುದು. ಮಗುವಾಗಿದ್ದಾಗ ಅನ್ನವನ್ನು ಒಂದೊಂದೇ ಅಗುಳು ಹೆಕ್ಕಿ ತಿನ್ನುತ್ತಿದ್ದಳು. ಈಗ ಮೂವತ್ತಾರು. ತಂಗಿ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಮನೆಯ ಹೊರಗೆ ಅವಳು ಮಾಡಿದ ಮೊದಲ ಕೆಲಸ ಇದು. ನಾನೇ ಕೈಹಿಡಿದು ಕರೆತಂದು ಸೇರಿಸಿದ್ದು. ನಮ್ಮ ಕೆಲಸದಲ್ಲಿ ಸುದ್ದಿ ಬಾಗಿಲಿಂದ ಬಾಗಿಲಿಗೆ ಹೋಗುತ್ತದೆ. ಒಬ್ಬಳಿಗೆ ರೋಗ ಇದೆ ಅಂತ ಒಂದು ಕಟ್ಟಡದಲ್ಲಿ ಬರೆದಿಟ್ಟರೆ, ಆಮೇಲೆ ಯಾವ ಮನೆಯವರೂ ಅವಳ ಕೈಗೆ ಪೊರಕೆ ಕೊಡುವುದಿಲ್ಲ.

ಮಂಗಳವಾರ ಸಂಜೆ ಮನೆಗೆ ಹೋದರೆ ಗುಬ್ಬಿ ತೋಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಬೆಳಿಗ್ಗೆಯೇ ಅವಳನ್ನು ವಾಪಸು ಕಳಿಸಿದ್ದರು. ಐದನೇ ಮಹಡಿಯಲ್ಲಿ ಎಳೆ ಮಗುವಿರುವ ತಾಯಿ ಲಿಫ್ಟಿನಲ್ಲಿ ಅವಳ ತೋಳು ನೋಡಿ ದೂರು ಕೊಟ್ಟಿದ್ದಳು.

"ಹಾಕ್ಬಿಡು ದೊಡ್ಡಮ್ಮ ಆ ಸಹಿ. ನೀನಾದ್ರೂ ಉಳ್ಕೋ."

"ನಿನಗೆ ರೋಗ ಇದೆಯಾ?"

"ಇರಬಹುದೇನೋ. ಏಳು ಜನ ಒಂದೇ ಡ್ರಮ್ಮಿನದ್ದು ಬಳಸ್ತೀವಿ. ನನಗೊಬ್ಬಳಿಗೇ ಹೀಗಾಗಿದೆ ಅಂದ್ರೆ ತಪ್ಪು ನನ್ನ ಮೈಯಲ್ಲೇ ಇರ್ಬೇಕು."

ಬಟ್ಟೆ ಬಿಚ್ಚಿ ನೋಡಿದೆ. ಬೆರಳುಗಳು ಕೆಂಪಾಗಿ ಬಿರುಕು ಬಿಟ್ಟಿದ್ದವು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ನಾಲ್ಕು ಗೆರೆ, ಕಾದ ಸೌಟಿಂದ ಎಳೆದ ಹಾಗೆ. ಅಂಚಿನಲ್ಲಿ ಬೊಕ್ಕೆ, ನಡುವೆ ಕಂದು. ಎಡತೋಳು ನೋಡಿದೆ. ಅದು ಚೊಕ್ಕಟವಾಗಿತ್ತು.

"ಎಡಗೈಲಿ ಏನು ಹಿಡ್ಕೋತೀಯ, ಕಿಟಕಿ ಒರೆಸೋವಾಗ?"

"ಏಣಿ."

"ಬಲಗೈ?"

"ಮೇಲೆತ್ತಿ ಒರೆಸ್ತೀನಿ. ಬಟ್ಟೆಯಿಂದ ತೊಟ್ಟಿಕ್ಕುತ್ತೆ."

"ರೋಗಕ್ಕೆ ಇಳಿಜಾರು ಯಾವ ಕಡೆ ಅಂತ ಗೊತ್ತಿರುತ್ತೇನೇ?" ಅಂದೆ.

ಡ್ರಮ್ಮಿನ ವಿಷಯ ಹೇಳಬೇಕು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಪಂಪಿನ ಪಕ್ಕ ಒಂದು ಕೋಣೆ ನಮ್ಮದು. ಅಲ್ಲಿ ಒಂದು ಹಳೆಯ ಸ್ಟೀಲಿನ ಟೀ ಡ್ರಮ್ಮು ಇತ್ತು, ಮುಚ್ಚಿಹೋದ ಯಾವುದೋ ಕ್ಯಾಂಟೀನಿನದು. ತಳದಲ್ಲಿ ಒಂದು ನಲ್ಲಿ. ಮೊದಲೆಲ್ಲ ಅದರಲ್ಲಿ ಸೋಪಿನಪುಡಿ ಕಲಸುತ್ತಿದ್ದರು. ನಾಲ್ಕು ತಿಂಗಳ ಹಿಂದೆ, ಗುಬ್ಬಿ ಸೇರಿದ ವಾರವೇ, ರಾಸಾಯನಿಕ ಬೇಡ, ಎಲ್ಲ ನೈಸರ್ಗಿಕ ಇರಲಿ ಅಂತ ಮನೆಗಳವರು ತೀರ್ಮಾನ ಮಾಡಿ ನಿಂಬೆ ಸಿಪ್ಪೆಯ ಎಣ್ಣೆ ತರಿಸಿದರು. ಕ್ಯಾನಿನ ಮೇಲೆ ಎಲೆಯ ಜೊತೆಗೆ ಎರಡು ನಿಂಬೆಹಣ್ಣಿನ ಚಿತ್ರ. ಚಿತ್ರದ ಕೆಳಗೆ ಇರುವೆಯಂಥ ಅಕ್ಷರಗಳು.

ಸೂಪರ್‌ವೈಸರು ಬೆಳಿಗ್ಗೆ ಏಳಕ್ಕೆ ಬಂದು ಡ್ರಮ್ಮಿಗೆ ಆರು ಬಾಟಲಿ ನೀರು, ಒಂದು ಬಾಟಲಿ ಎಣ್ಣೆ ಹೊಯ್ದು, ಕೋಲಿನಿಂದ ತಿರುವಿ ಮುಚ್ಚಿ ಹೋಗುತ್ತಿದ್ದ. ನಾವು ಏಳು ಜನ ಎಂಟಕ್ಕೆ ಬಂದು ಸಾಲಿನಲ್ಲಿ ನಿಂತು, ನಲ್ಲಿ ತಿರುಗಿಸಿ, ಒಬ್ಬೊಬ್ಬರು ಒಂದೊಂದು ಬಾಟಲಿ ಹಿಡಿದುಕೊಳ್ಳುತ್ತಿದ್ದೆವು. ನಮ್ಮ ಬಾಟಲಿಗಳು ಬಿಳಿಯವು, ಒಳಗಿರುವುದು ಕಾಣದು. ಕೋಣೆಯೆಲ್ಲ ನಿಂಬೆಯ ವಾಸನೆಯಾದ್ದರಿಂದ ಯಾರ ಬಾಟಲಿ ಎಷ್ಟು ಘಮ ಅಂತ ತಿಳಿಯುವ ಹಾಗೂ ಇರಲಿಲ್ಲ.

ಸಾಲು ನಮ್ಮದೇ. ಸೇರಿದ ವರ್ಷದ ಲೆಕ್ಕದಲ್ಲಿ ಹಿರಿಯರು ಮುಂದೆ, ಹೊಸಬರು ಹಿಂದೆ. ಹತ್ತೊಂಬತ್ತು ವರ್ಷದಿಂದ ಇಲ್ಲಿರುವ ನಾನು ಮೊದಲು. ನನ್ನ ಹಿಂದೆ ಮೈಕು. ಅವಳು ಪಿಸುಗುಟ್ಟಿದರೂ ಎರಡನೇ ಮಹಡಿಗೆ ಕೇಳುತ್ತದೆ, ಅದಕ್ಕೆ ಆ ಹೆಸರು. ಕೊನೆಗೆ ಗುಬ್ಬಿ. ಇದನ್ನು ಯಾರೂ ನಮಗೆ ಹೇಳಿಕೊಟ್ಟದ್ದಲ್ಲ. ಮುಂದೆ ನಿಲ್ಲುವುದೊಂದೇ ನಮ್ಮ ಕೆಲಸದಲ್ಲಿರುವ ಮರ್ಯಾದೆ, ಅದನ್ನು ನಾವೇ ನಮಗೆ ಕೊಟ್ಟುಕೊಂಡಿದ್ದೆವು.

ಮೊದಲ ತಿಂಗಳು ಗುಬ್ಬಿಯನ್ನು ಹೊಗಳಿದ್ದೇ ಹೊಗಳಿದ್ದು. ಲಿಫ್ಟಿನಲ್ಲಿ ಮಕ್ಕಳು ಅಂಟಿಸಿದ್ದ ಸ್ಟಿಕ್ಕರಿನ ಅಂಟನ್ನು ನಾವು ವರ್ಷಗಟ್ಟಲೆ ಕೆರೆದು ಸೋತಿದ್ದೆವು. ಇವಳು ಒಂದು ಸಲ ಒರೆಸಿದಳು, ಹೋಯಿತು. "ನಿಮ್ಮ ಹುಡುಗಿ ಕೈಗುಣ ನೋಡಿ ದೊಡ್ಡಮ್ಮ," ಅಂದರು. ನಾನೂ ಕೈಗುಣ ಅಂದುಕೊಂಡೆ. ಒಳಗೊಳಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ಎರಡನೇ ತಿಂಗಳು ಒಂದು ಮನೆಯ ಊಟದ ಮೇಜಿನ ವಾರ್ನಿಷ್ ಎದ್ದಿತು. ಆಗ ಕೈಗುಣದ ಮಾತು ಹೋಗಿ ಒರಟು ಕೈ ಅನ್ನುವ ಮಾತು ಬಂತು. ಅವಳು ಕೈ ಉರಿಯುತ್ತದೆ ಅಂದಾಗ ನಾನು ಏನಂದೆ ಗೊತ್ತೇ? "ಹೊಸ ಕೈ, ಉರಿಯುತ್ತೆ. ನಮ್ಮ ಹಾಗೆ ಗಟ್ಟಿಯಾಗುತ್ತೆ ಸುಮ್ಮನಿರು."

ಬುಧವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಚಿಕಿತ್ಸಾಲಯಕ್ಕೆ ಹೋದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ತೋಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು.

"ನಿಂಬೆ ಕೆಲಸ ಏನಾದ್ರೂ ಮಾಡ್ತೀರಾ?"

"ಹಣ್ಣಿನದ್ದಲ್ಲ, ಎಣ್ಣೆದು. ಒರೆಸೋ ಕೆಲಸ," ಅಂದೆ.

"ಬಿಸಿಲಲ್ಲಿ?"

"ಕಿಟಕಿ ಅಂದ್ರೆ ಬಿಸಿಲೇ," ಅಂದಳು ಗುಬ್ಬಿ.

"ಅದೇ ಮತ್ತೆ. ನಿಂಬೆ ಸಿಪ್ಪೆ ಎಣ್ಣೆ ಚರ್ಮಕ್ಕೆ ತಾಗಿ ಅದರ ಮೇಲೆ ಬಿಸಿಲು ಬಿದ್ರೆ ಸುಟ್ಟ ಹಾಗೇ ಆಗುತ್ತೆ. ಇದು ಅಂಟುರೋಗ ಅಲ್ಲ. ಎಷ್ಟಕ್ಕೆ ಎಷ್ಟು ಬೆರೆಸ್ತೀರಿ?"

"ಆರಕ್ಕೆ ಒಂದು."

"ಅದೇ ಬಹಳ ಆಯ್ತು. ಬಕೆಟ್ಟಿಗೆ ಒಂದೆರಡು ಚಮಚ ಸಾಕು, ಅದೂ ಸೋಪಿನ ಜೊತೆ. ಆದ್ರೆ ಬೇರೆ ಯಾರಿಗೂ ಏನೂ ಆಗಿಲ್ಲ ಅಂತೀರಿ. ಈ ತೋಳು ನೋಡಿದ್ರೆ ಬರೀ ಎಣ್ಣೆ ಸುರಿದ ಹಾಗಿದೆ."

ಮುಲಾಮು ಕೊಟ್ಟಳು, ಒಂದು ಚೀಟಿ ಬರೆದು ಕೊಟ್ಟಳು. ಚೀಟಿಯನ್ನು ನೇರ ಸೂಪರ್‌ವೈಸರಿಗೆ ತೋರಿಸಿದೆ. ಅವನು ಎರಡು ಸಲ ಓದಿದ.

"ಎಣ್ಣೆಯಿಂದ ಆಗಿರಬಹುದು ಅಂತ ಇದೆ ದೊಡ್ಡಮ್ಮ. ಆಗಿರಬಹುದು ಅಂದ್ರೆ ಆಗದೆಯೂ ಇರಬಹುದು ಅಂತಾರೆ ಅಧ್ಯಕ್ಷರು. ಉಳಿದ ಆರು ಜನಕ್ಕೆ ಯಾಕಾಗಿಲ್ಲ ಅಂತ ಕೇಳ್ತಾರೆ." ಆಮೇಲೆ ಅಂದ, "ಅವಳ ಮಹಡಿಗಳನ್ನೂ ಇವತ್ತು ನೀವೇ ನೋಡ್ಕೊಳ್ಳಿ. ಅವಳ ಬಾಟಲಿಯನ್ನೂ ತುಂಬ್ಕೊಳ್ಳಿ."

ಕೆಳಗೆ ಹೋದಾಗ ಒಂಬತ್ತೂವರೆ. ಎಲ್ಲರೂ ಹಿಡಿದುಕೊಂಡು ಹೋಗಿಯಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಕೊನೆಯವಳು.

ನನ್ನ ಬಾಟಲಿ ಹಿಡಿದೆ. ತುಂಬಿತು. ಗುಬ್ಬಿಯದನ್ನು ಒಡ್ಡಿದೆ. ನಲ್ಲಿಯಿಂದ ಬೀಳುವ ಸದ್ದು ಬೇರೆಯಾಯಿತು. ನೀರು ಚಟಪಟ ಅನ್ನುತ್ತದೆ. ಇದು ಸದ್ದಿಲ್ಲದೆ ನುಣುಪಾಗಿ ಇಳಿಯಿತು. ಕೈಗೆ ಒಂದು ಹನಿ ಹಾರಿತು, ಚುರುಕ್ಕೆಂದಿತು. ಎರಡು ಬಾಟಲಿಯನ್ನೂ ಎರಡು ಕೈಯಲ್ಲಿ ಎತ್ತಿ ನೋಡಿದೆ. ಗುಬ್ಬಿಯದು ಹಗುರ.

ಟೀ ಕುಡಿಯುವ ಗಾಜಿನ ಲೋಟ ಎರಡಿದ್ದವು. ಒಂದಕ್ಕೆ ನನ್ನದನ್ನು ಹೊಯ್ದೆ, ನೀರು. ಇನ್ನೊಂದಕ್ಕೆ ಗುಬ್ಬಿಯದು, ತಿಳಿಹಳದಿ ಎಣ್ಣೆ, ಹನಿ ನೀರಿಲ್ಲ. ಎಣ್ಣೆಯನ್ನು ನೀರಿನ ಲೋಟಕ್ಕೆ ಸ್ವಲ್ಪ ಸುರಿದೆ. ಮೇಲೆ ಹೋಗಿ ಮಲಗಿತು.

ನಾನು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತೆ. ಒಲೆಯ ಮುಂದೆ ಒಂದು ಜನ್ಮ ಕಳೆದವಳು ನಾನು. ಎಣ್ಣೆ ನೀರಿನ ಮೇಲೆ ತೇಲುತ್ತದೆ ಅಂತ ನನಗೆ ಹೇಳಿಕೊಡುವವರು ಬೇಕೇ? ಆದರೆ ಅಡುಗೆಮನೆಯಲ್ಲಿ ಇರುವ ಬುದ್ಧಿಯನ್ನು ನಾವು ಅಡುಗೆಮನೆಯಲ್ಲೇ ಬಿಟ್ಟು ಬರುತ್ತೇವೆ. ಕ್ಯಾನಿನಲ್ಲಿ ಬಂತು, ಒರೆಸಲು ಕೊಟ್ಟರು, ಸೋಪಿನ ಜಾತಿಯದು ಅಂದುಕೊಂಡೆವು. ಅವನು ಏಳಕ್ಕೆ ತಿರುವಿದ್ದು ನಾವು ಎಂಟಕ್ಕೆ ಬರುವಷ್ಟರಲ್ಲಿ ಬೇರೆಯಾಗಿ ಕೂತಿರುತ್ತಿತ್ತು. ನಲ್ಲಿ ತಳದಲ್ಲಿ. ಆರು ಜನಕ್ಕೆ ಆರು ಬಾಟಲಿ ನೀರು. ಏಳನೆಯವಳಿಗೆ ಡ್ರಮ್ಮಿನ ಅಷ್ಟೂ ಎಣ್ಣೆ. ಗುಬ್ಬಿ ನಾಲ್ಕು ತಿಂಗಳು ಅದರಲ್ಲಿ ಕೈ ಅದ್ದಿದ್ದಳು.

ಮೈಕು ಬಂದಳು, ಬಟ್ಟೆ ಹಿಂಡಲು. ಲೋಟ ತೋರಿಸಿದೆ, ಹೇಳಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹಂಗಾದ್ರೆ ನಾವು ಆರು ಜನ ಬರೀ ನೀರಲ್ಲಿ ಒರೆಸಿ ಒಳ್ಳೆ ಹೆಸರು ತಗೊಂಡ್ವಾ?"

"ನೀನು ಯಾವಾಗ ತಗೊಂಡೆ ಒಳ್ಳೆ ಹೆಸರು?"

"ತಮಾಷೆ ಸಾಕು ದೊಡ್ಡಮ್ಮ. ಈಗ್ಲೇ ಹೋಗಿ ಹೇಳ್ತೀನಿ ಎಲ್ರಿಗೂ."

"ಬೇಡ. ಈಗ ಹೇಳಿದ್ರೆ ಡ್ರಮ್ಮು ಸದ್ದಿಲ್ಲದೆ ಮಾಯ ಆಗುತ್ತೆ, ಕಾಗದ ಮಾತ್ರ ಉಳಿಯುತ್ತೆ. ಭಾನುವಾರದವರೆಗೆ ಬಾಯಿಗೆ ಬೀಗ ಹಾಕು."

"ನನ್ನ ಬಾಯಿಗಾ?" ಅಂದಳು. ಅವಳಿಗೇ ನಂಬಿಕೆ ಇರಲಿಲ್ಲ.

ಹಾಕಿದಳು, ಹೇಗೋ. ಗುರುವಾರ, ಶುಕ್ರವಾರ, ಶನಿವಾರ ನಾನು ಸಾಲಿನ ಕೊನೆಯಲ್ಲಿ ನಿಂತು ಏಳನೇ ಬಾಟಲಿ ನಾನೇ ಹಿಡಿದು, ಬಿಗಿಯಾಗಿ ಮುಚ್ಚಿ, ಪಂಪಿನ ಬಿಸಿ ತಾಗದ ಕಡೆ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬೆಂಕಿ ಬೇಗ ಹಿಡಿಯುವ ಎಣ್ಣೆ ಅದು. ಡಾಕ್ಟರಮ್ಮ ಅದನ್ನೂ ಹೇಳಿದ್ದಳು.

ಭಾನುವಾರ ಹತ್ತಕ್ಕೆ ಕೆಳಗಿನ ಹಾಲಿನಲ್ಲಿ ಸಭೆ. ಹದಿನೈದು ಮನೆಯವರಿದ್ದರು. ಉದ್ದನೆಯ ಮೇಜು, ಥರ್ಮೋಕೋಲಿನ ಲೋಟಗಳಲ್ಲಿ ಟೀ. ನಾವು ಆರು ಜನ ಬಾಗಿಲ ಹತ್ತಿರ, ಗುಬ್ಬಿ ನನ್ನ ಬೆನ್ನ ಹಿಂದೆ. ಅಧ್ಯಕ್ಷರು ಮೃದುವಾಗಿ ಮಾತಾಡುವವರು. ಮಾತಿಗೆ ಮೊದಲು ಒಮ್ಮೆ ಕೆಮ್ಮುತ್ತಾರೆ.

"ಅಮ್ಮಾ, ನಿಮ್ಮ ಮೇಲೆ ನಮಗೆ ಗೌರವ ಇದೆ. ಸಹಿ ಹಾಕಲ್ಲ ಅಂದ್ರಂತೆ."

"ಹಾಕಲ್ಲ ಸಾರ್."

"ಎಣ್ಣೆದೇ ತಪ್ಪು ಅಂತೀರಂತೆ. ಅದು ಹಣ್ಣಿಂದ ತೆಗೆದದ್ದು. ನಿಮ್ಮೆಲ್ಲರ ಆರೋಗ್ಯ ನೋಡಿಯೇ ನಾವು ತರಿಸಿದ್ದು."

"ಮೆಣಸಿನಕಾಯೂ ಗಿಡದಲ್ಲೇ ಬಿಡೋದು ಸಾರ್. ಯಾರೂ ಕಣ್ಣಿಗೆ ಹಚ್ಕೊಳ್ಳಲ್ಲ."

ಹಿಂದೆ ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ.

"ಡ್ರಮ್ಮು ತರಿಸಿ," ಅಂದೆ. "ಸೂಪರ್‌ವೈಸರು ದಿನಾ ಹೇಗೆ ಮಾಡ್ತಾನೋ ಹಾಗೇ ನಿಮ್ಮ ಮುಂದೆ ಮಾಡಲಿ. ನಾನು ಮುಟ್ಟಲ್ಲ."

ಮೈಕು ಮತ್ತು ಇನ್ನೊಬ್ಬಳು ಡ್ರಮ್ಮು ಹೊತ್ತು ತಂದು ಮೇಜಿನ ಮೇಲಿಟ್ಟರು. ಅವನು ಆರು ಬಾಟಲಿ ನೀರು ಹೊಯ್ದ, ಒಂದು ಎಣ್ಣೆ ಹೊಯ್ದ, ಕೋಲಿನಿಂದ ಚೆನ್ನಾಗಿ ತಿರುವಿದ. ಎಲ್ಲರೂ ನೋಡುತ್ತಿದ್ದರು ಅಂತ ಮಾಮೂಲಿಗಿಂತ ನಾಲ್ಕು ಸುತ್ತು ಹೆಚ್ಚೇ ತಿರುವಿದ.

"ಇನ್ನೇನು?" ಅಂದರು ಅಧ್ಯಕ್ಷರು.

"ಇನ್ನು ಕಾಯ್ಬೇಕು."

"ಎಷ್ಟು ಹೊತ್ತು?"

"ಅವನು ಏಳಕ್ಕೆ ತಿರುವ್ತಾನೆ, ನಾವು ಎಂಟಕ್ಕೆ ಹಿಡೀತೀವಿ. ಒಂದು ಗಂಟೆ."

ಹಾಲಿನಲ್ಲಿ ಗುಜುಗುಜು ಎದ್ದಿತು. ಒಬ್ಬರಿಗೆ ಎಲ್ಲಿಗೋ ಹೋಗಬೇಕಿತ್ತು, ಇನ್ನೊಬ್ಬರಿಗೆ ಒಲೆಯ ಮೇಲೆ ಏನೋ ಇತ್ತು. "ಒಂದು ಗಂಟೆ ಕೂರೋಕಾಗಲ್ಲ ಅಮ್ಮಾ," ಅಂದರು ಅಧ್ಯಕ್ಷರು.

"ಅವಳ ಕೈ ನಾಲ್ಕು ತಿಂಗಳು ಕಾದಿದೆ ಸಾರ್. ನೀವು ಬೇರೆ ಮಾತು ಮುಗಿಸ್ಕೊಳ್ಳಿ. ನಾನು ಇಲ್ಲೇ ನಿಂತಿರ್ತೀನಿ."

ನಿಂತೆ. ಡ್ರಮ್ಮಿನ ಪಕ್ಕ, ಕೈಕಟ್ಟಿಕೊಂಡು. ಅವರು ವಾಹನ ನಿಲ್ಲಿಸುವ ಜಾಗದ ಬಗ್ಗೆ ಜಗಳವಾಡಿದರು, ಮೇಲಿನ ತೊಟ್ಟಿ ಸೋರುವ ಬಗ್ಗೆ ಜಗಳವಾಡಿದರು. ನಡುನಡುವೆ ನನ್ನ ಕಡೆ ನೋಡಿ ಕಣ್ಣು ತಪ್ಪಿಸಿದರು. ಒಮ್ಮೆ ಅಧ್ಯಕ್ಷರು, "ಕೂತ್ಕೊಳ್ಳಿ ಅಮ್ಮಾ," ಅಂದರು. "ಬೇಡ ಸಾರ್, ಇದು ನನಗೆ ರೂಢಿ," ಅಂದೆ. ನಿಂತು ಕಾಯುವುದೊಂದು ನನಗೆ ಬರುತ್ತದೆ. ಆ ಹಾಲಿನಲ್ಲಿ ಅದರಲ್ಲಿ ನನ್ನನ್ನು ಗೆಲ್ಲುವವರು ಯಾರೂ ಇರಲಿಲ್ಲ.

ಹನ್ನೊಂದೂಕಾಲಿಗೆ ಬಾಟಲಿಯಷ್ಟೇ ಅಳತೆಯ ಏಳು ಗಾಜಿನ ಜಾಡಿಗಳನ್ನು ಸಾಲಾಗಿಟ್ಟೆ. ನಲ್ಲಿ ತಿರುಗಿಸಲು ಐದನೇ ಮಹಡಿಯ ತಾಯಿಯನ್ನೇ ಕರೆದೆ. ದೂರು ಕೊಟ್ಟವಳು ಅವಳೇ. ನಾನು ತಿರುಗಿಸಿದರೆ ಕೈಚಳಕ ಅಂದಾರು. ಒಂದು, ಎರಡು, ಮೂರು, ನೀರು. ನಾಲ್ಕು, ಐದು, ನೀರು. ಆರನೆಯದರ ಮೇಲೆ ತೆಳ್ಳಗೆ ಒಂದು ಹಳದಿ ಕಣ್ಣು. ಏಳನೆಯದು ಪೂರ್ತಿ ಹಳದಿ. ಎಣ್ಣೆಯ ವಾಸನೆ ಮೂಗಿಗೆ ಹೊಡೆದು ಮುಂದಿನ ಸಾಲಿನವರು ಕುರ್ಚಿ ಹಿಂದೆ ಸರಿಸಿದರು. ಯಾರೋ ಎದ್ದು ಕಿಟಕಿ ತೆರೆದರು.

"ಇದು ಯಾರದು?" ಅಂದಳು ಆ ತಾಯಿ, ಏಳನೆಯದನ್ನು ತೋರಿಸಿ.

"ಸಾಲಿನಲ್ಲಿ ಕೊನೆಗೆ ನಿಲ್ಲೋಳದು. ಗುಬ್ಬಿ, ಮುಂದೆ ಬಾ. ಕಿಟಕಿ ಒರೆಸೋ ಹಾಗೆ ಕೈ ಎತ್ತು."

ಗುಬ್ಬಿ ಬರಲಿಲ್ಲ. ಎರಡನೇ ಸಲ ಕರೆದೆ, ಬಂದಳು. ತಲೆ ತಗ್ಗಿಸಿಕೊಂಡೇ ಬಲಗೈ ಎತ್ತಿದಳು. ಮಣಿಕಟ್ಟಿನಿಂದ ಮೊಣಕೈಗೆ ಇಳಿದ ನಾಲ್ಕು ಗೆರೆಗಳು ಎಲ್ಲರಿಗೂ ಕಂಡವು. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ, ಆದರೂ ಅಧ್ಯಕ್ಷರು ಕೆಮ್ಮಿದರು.

"ಬರೀ ಎಣ್ಣೆ ಅಂತಲೇ ಇಟ್ಕೊಳ್ಳೋಣ. ಇಷ್ಟೊಂದು ಆಗುತ್ತಾ ಅಂತ ನನ್ನ ಪ್ರಶ್ನೆ."

ಅವರ ಮುಂದೆ ಟೀ ಮುಗಿದ ಥರ್ಮೋಕೋಲಿನ ಲೋಟವಿತ್ತು. ಏಳನೇ ಜಾಡಿಯಿಂದ ಅದಕ್ಕೆ ಎರಡು ಗುಟುಕಿನಷ್ಟು ಹೊಯ್ದೆ. ಲೋಟ ಮೊದಲು ಸೊಂಟ ಮುರಿದವರ ಹಾಗೆ ಬಾಗಿತು. ಆಮೇಲೆ ತಳ ಕರಗಿ, ಎಣ್ಣೆ ಮೇಜಿನ ಮೇಲೆ ಹರಿದು, ಅವರ ಕಾಗದದ ಅಂಚಿಗೆ ಬಂತು. ಸೂಪರ್‌ವೈಸರು ಬಟ್ಟೆ ತರಲು ಓಡಿದ. "ಬರಿಗೈಲಿ ಒರೆಸ್ಬೇಡಪ್ಪ," ಅಂದೆ.

"ಬೆರಳು ಅದ್ದಿ ನೋಡಿ ಸಾರ್, ಹಣ್ಣಿನದ್ದೇ ಅಲ್ವಾ," ಅಂತ ಜಾಡಿ ಮುಂದೆ ತಳ್ಳಿದೆ. ಅವರು ಅದ್ದಲಿಲ್ಲ.

ಆ ತಾಯಿ ಇನ್ನೂ ನಲ್ಲಿಯ ಹತ್ತಿರವೇ ನಿಂತಿದ್ದಳು. ಮುಖ ಸಣ್ಣದಾಗಿತ್ತು. "ನಾನು ಕ್ಯಾನಿನಿಂದ ಇದನ್ನ ಒಂದು ಸಣ್ಣ ಬಾಟಲಿ ಇಸ್ಕೊಂಡು ಹೋಗಿದ್ದೆ," ಅಂದಳು. "ಮಗು ಸ್ನಾನದ ನೀರಿಗೆ ಐದಾರು ಹನಿ ಹಾಕ್ತೀನಿ. ನೀರು ಅಷ್ಟೊಂದಿರುತ್ತಲ್ಲ ಅಂತ."

"ಹನಿ ನೀರಲ್ಲಿ ಇರಲ್ಲಮ್ಮ. ಮೇಲೆ ತೇಲುತ್ತೆ. ತೇಲಿ ಮಗುವಿನ ಮೈಗೆ ಅಂಟುತ್ತೆ."

"ಬೆನ್ನೆಲ್ಲ ಕೆಂಪಗಾಗಿತ್ತು. ನಾನು ಇವಳಿಂದ ಬಂತು ಅಂದ್ಕೊಂಡೆ." ಗುಬ್ಬಿಯ ಕಡೆ ನೋಡಲು ಅವಳಿಗೆ ಆಗಲಿಲ್ಲ.

ಎಂಟನೇ ಮಹಡಿಯಲ್ಲಿ ಬೆಕ್ಕು ಸಾಕಿದವರು ಎದ್ದು, ಅದು ಮಲಗುವ ಬಟ್ಟೆಗೆ ಇದನ್ನೇ ಚಿಮುಕಿಸಿದ್ದು, ಎರಡು ದಿನದಿಂದ ಅದು ಜೊಲ್ಲು ಸುರಿಸುತ್ತ ತೂರಾಡುತ್ತಿರುವುದು ಹೇಳಿದರು. ಈಗಲೇ ಪ್ರಾಣಿಗಳ ಡಾಕ್ಟರ ಹತ್ತಿರ ಹೋಗಿ, ಬಟ್ಟೆ ಆಚೆ ಹಾಕಿ, ಅಂದೆ. ಅವರು ಹೊರಟೇಬಿಟ್ಟರು. ಆಮೇಲೆ ಒಬ್ಬೊಬ್ಬರ ಮನೆಯಿಂದ ಒಂದೊಂದು ಕತೆ ಹೊರಬಿತ್ತು. ಪ್ಲಾಸ್ಟಿಕ್ಕಿನ ಆಟಿಕೆ ಅಂಟಂಟಾದದ್ದು, ಒಲೆಯ ಪಕ್ಕ ಇಟ್ಟಿದ್ದ ಎಣ್ಣೆಬಟ್ಟೆ ಭಗ್ಗೆಂದದ್ದು. ಪ್ರತಿಯೊಬ್ಬರೂ ತಮ್ಮ ಮನೆಯ ತಪ್ಪು ಅಂದುಕೊಂಡು ಸುಮ್ಮನಿದ್ದವರು.

ಅಧ್ಯಕ್ಷರು ಒದ್ದೆಯಾದ ಕಾಗದವನ್ನು ಮಡಚಿದರು.

"ಸರಿ ಅಮ್ಮಾ. ಈ ಕಾಗದ ಹರಿದು ಹಾಕೋಣ. ಅವಳು ಗುಣವಾದ ಮೇಲೆ ಬರಲಿ. ಆಯ್ತಲ್ಲ?"

"ಆಗಿಲ್ಲ ಸಾರ್."

"ಮತ್ತೇನು?"

"ರೋಗ ಅಂತ ಬಾಯಲ್ಲಿ ಹೇಳಿ ಬಿಟ್ಟಿದ್ರೆ ಬಾಯಲ್ಲೇ ವಾಪಸ್ ತಗೋಬಹುದಿತ್ತು. ನೀವು ಬರೆದ್ರಿ. ಬರೆದದ್ದನ್ನ ಬರೆದೇ ಅಳಿಸ್ಬೇಕು. ಇದು ರೋಗ ಅಲ್ಲ, ಅಂಟೋದಲ್ಲ, ಎಣ್ಣೆ ಬೆರೆಸಿದ ರೀತಿ ತಪ್ಪು, ಅವಳ ಜಾಗ ಅವಳಿಗೇ ಅಂತ ಬರೀರಿ."

"ನೋಡಿ, ಸಾಲಿನಲ್ಲಿ ನಿಂತದ್ದು ನೀವು. ಕೆಲಸದವರ ತಿಳಿವಳಿಕೆ ಇಲ್ಲದ್ದರಿಂದ ಅಂತ ಸೇರಿಸಬೇಕಾಗುತ್ತೆ."

"ಕ್ಯಾನಿನ ಮೇಲಿನ ಸಣ್ಣಕ್ಷರ ಓದೋಕೆ ಬರೋರು ನೀವು ಹದಿನೈದು ಮನೆಯವರು. ಹಾಗೆ ಬರೆದ್ರೆ ನಾನು ಒಪ್ಪಲ್ಲ. ನನ್ನ ತಪ್ಪು ಬೇರೆ ಇದೆ, ಅದನ್ನ ಬರ್ಕೊಳ್ಳಿ. ಅವಳು ಉರಿ ಅಂದಾಗ ನಾನು ಸುಮ್ಮನಿರು ಅಂದೆ. ಹಿರಿಯಳು ಅಂತ ಮುಂದೆ ನಿಂತು ನೀರು ಹಿಡ್ಕೊಂಡು ಹೋದೆ. ಅದು ನಂದು. ಉಳಿದದ್ದು ನಿಮ್ಮದು."

ಗುಬ್ಬಿ ತಲೆಯೆತ್ತಿ ನನ್ನನ್ನು ನೋಡಿದಳು. ಅಷ್ಟು ಜನರ ಮುಂದೆ ಈ ಮಾತು ಹೇಳುವುದು ಲೋಟ ಕರಗಿಸಿದಷ್ಟು ಸುಲಭವಾಗಿರಲಿಲ್ಲ.

ಅಧ್ಯಕ್ಷರು ಬಾಗಿಲ ಕಡೆ ನೋಡಿದರು. ಅಲ್ಲಿ ಐದು ಜನ ಬರಿಗೈಯಲ್ಲಿ ನಿಂತಿದ್ದರು. ನಾಳೆ ಪೊರಕೆ ಹಿಡಿಯುತ್ತೇವೆ ಅಂತಲೂ, ಇಲ್ಲ ಅಂತಲೂ ಯಾರೂ ಹೇಳಲಿಲ್ಲ. ಮೈಕು ಕೂಡ ತುಟಿ ಬಿಚ್ಚಲಿಲ್ಲ, ಅದೇ ಅವರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು ಅಂತ ಕಾಣುತ್ತದೆ.

ಐದನೇ ಮಹಡಿಯ ತಾಯಿ ಕುರ್ಚಿ ಎಳೆದು ಕೂತಳು. "ಹಾಳೆ ಕೊಡಿ. ನಾನು ಬರೀತೀನಿ."

ಬರೆದಳು. ಓದಿಸಿದೆ. "ಎಣ್ಣೆಯಿಂದ ಆಗಿರಬಹುದು" ಅಂತ ಒಂದು ಕಡೆ ನುಸುಳಿತ್ತು. "ಆಗಿದೆ ಅನ್ನಿ," ಅಂದೆ. ಹೊಡೆದು ಬರೆದಳು. ಮತ್ತೆ ಓದಿಸಿದೆ. ಅಧ್ಯಕ್ಷರು ಸಹಿ ಹಾಕಿದರು, ಸೂಪರ್‌ವೈಸರು ಹಾಕಿದ. ಕೊನೆಗೆ ನಾನು ನನ್ನ ಮೂರಕ್ಷರ ಬರೆದೆ. ನಿಧಾನವಾಗಿಯೇ ಬರೆದೆ, ಕಾದರು.

ಗುಬ್ಬಿ ವಾಪಸು ಬಂದದ್ದು ಐದನೇ ವಾರ. ಗಾಯ ಮಾಗಿತ್ತು, ಕಂದು ಗೆರೆ ಹಾಗೇ ಇದ್ದವು, ಇನ್ನೂ ಕೆಲವು ತಿಂಗಳು ಇರುತ್ತವಂತೆ. ಅಷ್ಟರಲ್ಲಿ ಕೆಳಗಿನ ಕೋಣೆಯ ರೀತಿ ಬದಲಾಗಿತ್ತು. ಟೀ ಡ್ರಮ್ಮು ಹೋಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಬಕೆಟ್ಟು. ಮೊದಲು ದ್ರವ ಸೋಪಿಗೆ ಎರಡು ಚಮಚ ಎಣ್ಣೆ ಹಾಕಿ ಬಿಳಿಯಾಗುವವರೆಗೆ ಕಲಸಿ, ಆಮೇಲೆ ನೀರು. ಎಣ್ಣೆಯದು ಕಪ್ಪು ಬಾಟಲಿ, ಮೇಲೆ ಹೆಸರು, ತೆರೆದ ದಿನ. ಮಕ್ಕಳ ಕೈಗೆ ಸಿಗದ ಎತ್ತರದ ಕಪಾಟು. ಬೆಕ್ಕಿರುವ ಮನೆಗೆ ಎಣ್ಣೆಯೇ ಇಲ್ಲ, ಬರೀ ಸೋಪು. ಬೆಕ್ಕು ಬದುಕಿಕೊಂಡಿತು ಅಂತ ಸುದ್ದಿ ಬಂದಿತ್ತು.

ಮೊದಲ ದಿನವೇ ಸೂಪರ್‌ವೈಸರು ಬಂದ. "ಮೂರನೇ ಮಹಡಿ ಕಿಟಕಿಗಳು ಮಧ್ಯಾಹ್ನದೊಳಗೆ ಆಗ್ಬೇಕು ಗುಬ್ಬಿ."

"ಆಗಲ್ಲ. ಬೆಳಿಗ್ಗೆಯೆಲ್ಲ ಆ ಕಡೆ ಬಿಸಿಲು. ಮೂರು ಗಂಟೆಗೆ ನೆರಳಾಗುತ್ತೆ, ಆಮೇಲೆ ಮಾಡ್ತೀನಿ."

"ಅಧ್ಯಕ್ಷರು ಕೇಳಿದ್ರೆ ನಾನೇನು ಹೇಳಲಿ?"

"ಗುಬ್ಬಿ ಹೇಳಿದ್ಲು ಅನ್ನಿ."

ಅವನು ನನ್ನ ಕಡೆ ನೋಡಿದ. ನಾನು ನನ್ನ ಬಕೆಟ್ಟಿನ ಕಡೆ ನೋಡಿದೆ. ಸೋಪಿನೊಳಗೆ ಎಣ್ಣೆ ಸರಿಯಾಗಿ ಬೆರೆಯಿತೋ ಇಲ್ಲವೋ ಅಂತ ಬೆರಳು ಅದ್ದಲು ಹೋದೆ.

"ದೊಡ್ಡಮ್ಮ, ಗ್ಲೌಸು."

"ಒಂದು ಹನಿ ಕಣೇ."

"ಒಂದು ಹನಿ ಆದ್ರೂ. ಹಾಕ್ಕೋ, ಇಲ್ಲಾಂದ್ರೆ ಆಚೆ ನಿಂತ್ಕೋ."

ಮೈಕು ಬಾಯಿ ತೆರೆದು ನಿಂತಳು. ಆ ಕೋಣೆಯಲ್ಲಿ ನನಗೆ ಆಚೆ ನಿಲ್ಲು ಅಂದವರು ಅವತ್ತಿನವರೆಗೆ ಯಾರೂ ಇರಲಿಲ್ಲ. ಹಾಕಿಕೊಂಡೆ. ಎಡಗೈಯದನ್ನು ಬಲಗೈಗೆ ಹಾಕಿಕೊಂಡಿದ್ದೆ, ಅದಕ್ಕೂ ಬೈಸಿಕೊಂಡೆ.